ಭಾವಚಿತ್ರದ ಕಸುಬಿಗೆ ಯಾವ ಕಮ್ಮಟ?

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೂರನೆಯ ದಿನವೋ ನಾಲ್ಕನೆಯ ದಿನವೋ ಮಗ ಸ್ಟುಡಿಯೋದ ಬಾಗಿಲಿಗೆ ಬರುತ್ತಾನೆ. ಕೈಯಲ್ಲಿ ಒಂದು ಆಧಾರ್ ಕಾರ್ಡು. ಇಲ್ಲವೇ ಯಾರದೋ ಮದುವೆಯಲ್ಲಿ ತೆಗೆದ ಗುಂಪಿನ ಚಿತ್ರ, ಅದರ ಹಿಂದಿನ ಸಾಲಿನಲ್ಲಿ ಅರ್ಧ ಮರೆಯಾದ ಒಂದು ಮುಖ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹಾರ ಹಾಕಿ ಇಡಲು ಅಪ್ಪನ ಚಿತ್ರ ಬೇಕು. ಅಂಚೆ ಚೀಟಿಗಿಂತ ಹೆಚ್ಚು ದೊಡ್ಡದಲ್ಲದ ಆ ಮುಖವನ್ನು ಗೋಡೆಯ ಅಳತೆಗೆ ಹಿಗ್ಗಿಸಿ, ಮಸುಕಾದ ಕಣ್ಣುಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಹಿಂದೆ ನೀಲಿಯ ಪರದೆಯೊಂದನ್ನು ಹೊಂದಿಸಿ, ಸಂಜೆಯೊಳಗೆ ಕಟ್ಟು ಹಾಕಿಸಿ ಕೊಡಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಮೈಸೂರು ಜಿಲ್ಲೆಯ ಈ ನಾಲ್ಕು ಪಟ್ಟಣಗಳಲ್ಲಿ ಸ್ಟುಡಿಯೋ ಇಟ್ಟವರಿಗೆ ಈ ಗಿರಾಕಿ ಅಪರಿಚಿತನಲ್ಲ.

ಎಪ್ಪತ್ತು ವರ್ಷ ಬಾಳಿ, ಹೊಲ ಉತ್ತು, ಮಕ್ಕಳನ್ನು ಓದಿಸಿ ಹೋದ ಮನುಷ್ಯನಿಗೆ ತನ್ನದೆಂದು ಹೇಳಿಕೊಳ್ಳುವ ಒಂದು ಒಳ್ಳೆಯ ಭಾವಚಿತ್ರವಿಲ್ಲ. ಊರಿನಲ್ಲಿ ಕ್ಯಾಮೆರಾಗಳಿಗೇನೂ ಬರಗಾಲವಿಲ್ಲ. ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದೊಂದುಂಟು. ಆದರೂ ಈ ಕೊರತೆ ಉಳಿದೇ ಇದೆ. ಭಾವಚಿತ್ರದ ಕಸುಬು ಬೆಳೆಯುವುದಾದರೆ ಬೆಳೆಯಬೇಕಾದದ್ದು ಇಲ್ಲಿಯೇ.

ಬೆಳೆಯದೆ ಗತ್ಯಂತರವೂ ಇಲ್ಲ. ಸಣ್ಣ ಊರಿನ ಸ್ಟುಡಿಯೋವನ್ನು ಬಹುಕಾಲ ಸಾಕಿದ್ದು ಪಾಸ್‌ಪೋರ್ಟ್ ಅಳತೆಯ ಚಿತ್ರ. ಶಾಲೆಯ ಅರ್ಜಿಗೆ ಎರಡು, ಬ್ಯಾಂಕಿಗೆ ಎರಡು, ಪಡಿತರ ಚೀಟಿಗೆ ಒಂದು ಎಂದು ದಿನವಿಡೀ ಅಂಗಡಿಯ ಮುಂದೆ ಜನ ಇರುತ್ತಿದ್ದರು. 2010ರಲ್ಲಿ ಆಧಾರ್ ಬಂದಿತು. ಅದರ ಚಿತ್ರವನ್ನು ನೋಂದಣಿ ಕೇಂದ್ರದಲ್ಲಿಯೇ ತೆಗೆಯುತ್ತಾರೆ. ವಿನೋದವೆಂದರೆ, ಈಗ ಪಾಸ್‌ಪೋರ್ಟಿನ ಚಿತ್ರವನ್ನೂ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೇ ತೆಗೆಯುತ್ತಾರೆ! ಫಿಲಮ್ಮಿನ ಕಾಲ ಮುಗಿದು, 2012ರ ಜನವರಿಯಲ್ಲಿ ಕೊಡಕ್ ಸಂಸ್ಥೆಯೇ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, ತೊಳೆದು ಮುದ್ರಿಸಿ ಕೊಡುವ ಕೆಲಸವೂ ಕೈಬಿಟ್ಟಿತು. ಉಳಿದದ್ದು ಮದುವೆ. ಮದುವೆಯೋ ವರ್ಷವಿಡೀ ನಡೆಯುವುದಲ್ಲ. ಆಷಾಢವೂ ಧನುರ್ಮಾಸವೂ ಬಂದರೆ ಕ್ಯಾಮೆರಾ ಬೀರುವಿಗೆ ಸೇರುತ್ತದೆ.

ಇಂಥ ಹೊತ್ತಿಗೆ ಸರಿಯಾಗಿ ಮೊಬೈಲಿನ ತೆರೆಯ ಮೇಲೆ ಜಾಹೀರಾತು ಮೂಡುತ್ತದೆ. ಭಾವಚಿತ್ರ ಕಮ್ಮಟ, ಎರಡೇ ದಿನ, ಆದಾಯ ಇಮ್ಮಡಿ! ಫೋಟೋಗ್ರಾಫರರು ಇದನ್ನು ‘ವರ್ಕ್‌ಶಾಪ್’ ಎಂದೇ ಕರೆಯುತ್ತಾರೆ. ಹುಣಸೂರಿನ ಬೀದಿಯಲ್ಲಿ ಆ ಮಾತಿಗೆ ಲಾರಿ ರಿಪೇರಿಯ ಜಾಗವೆಂದೂ ಅರ್ಥವುಂಟು. ಹೋಲಿಕೆ ಅಸಂಗತವೇನಲ್ಲ. ಲಾರಿಯವನು ರಿಪೇರಿಗೆ ಹೋಗುವ ಮುನ್ನ ಕೆಟ್ಟಿರುವುದು ಇಂಜಿನ್ನೋ ಬ್ರೇಕೋ ಎಂದು ತಿಳಿದುಕೊಂಡೇ ಹೋಗುತ್ತಾನೆ. ಕ್ಯಾಮೆರಾದವನು ಮಾತ್ರ ತನ್ನ ಅಂಗಡಿಯಲ್ಲಿ ಕೆಟ್ಟಿರುವುದೇನೆಂದು ನೋಡದೆ, ಜಾಹೀರಾತಿನಲ್ಲಿರುವ ಸುಂದರಿಯ ಮುಖವನ್ನು ನೋಡಿ ಹಣ ಕಟ್ಟಿಬಿಡುತ್ತಾನೆ.

ಹಿಂದೆ ಈ ವಿದ್ಯೆಯನ್ನು ಕಲಿಯುತ್ತಿದ್ದ ರೀತಿಯೇ ಬೇರೆ. ಹುಡುಗ ಸ್ಟುಡಿಯೋಗೆ ಸೇರಿ, ಮೊದಲು ಕಸ ಗುಡಿಸಿ, ಆಮೇಲೆ ಕತ್ತಲೆಕೋಣೆಯಲ್ಲಿ ತೊಳೆದು, ವರ್ಷಗಳ ನಂತರ ಕ್ಯಾಮೆರಾ ಮುಟ್ಟುತ್ತಿದ್ದ. ಜಗತ್ಪ್ರಸಿದ್ಧ ಭಾವಚಿತ್ರಕಾರ ಯೂಸುಫ್ ಕಾರ್ಷ್ ಕಲಿತದ್ದೂ ಹೀಗೆಯೇ. 1928ರಲ್ಲಿ ಅವನನ್ನು ಬಾಸ್ಟನ್ನಿನ ಜಾನ್ ಗಾರೋ ಎಂಬಾತನ ಬಳಿಗೆ ಕಳುಹಿಸಿದರು. ಅಲ್ಲಿ ಮೂರು ವರ್ಷ ನಿಂತ. 1941ರಲ್ಲಿ ಅವನು ತೆಗೆದ ಚರ್ಚಿಲ್ಲರ ಚಿತ್ರವನ್ನು ನೋಡದವರು ವಿರಳ. ಸ್ವಾರಸ್ಯದ ಸಂಗತಿ ಇನ್ನೊಂದಿದೆ: ವಿದ್ಯುದ್ದೀಪದ ಬೆಳಕನ್ನು ಬಳಸುವುದನ್ನು ಕಾರ್ಷ್ ಕಲಿತದ್ದು ಗಾರೋವಿನಲ್ಲಲ್ಲ, ಒಟ್ಟಾವಾ ನಗರದ ಒಂದು ಹವ್ಯಾಸಿ ನಾಟಕಶಾಲೆಯ ರಂಗದ ಮೇಲೆ. ಕೃಷ್ಣರಾಜನಗರದ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ ನಡೆಯುತ್ತದೆಯಲ್ಲ, ದುರ್ಯೋಧನನ ಮುಖದ ಮೇಲೆ ಪಕ್ಕದಿಂದ ದೀಪ ಬಿದ್ದಾಗ ಏನಾಗುತ್ತದೆಂದು ಅಲ್ಲಿ ಕುಳಿತು ನೋಡುವ ಫೋಟೋಗ್ರಾಫರನಿಗೆ ಬೆಳಕಿನ ಮೊದಲ ಪಾಠ ಖರ್ಚಿಲ್ಲದೆ ದೊರೆಯುತ್ತದೆ.

ಶಾಸ್ತ್ರೀಯ ಶಿಕ್ಷಣಕ್ಕೆ ನಮ್ಮಲ್ಲಿ ನೆಲೆ ಇರಲಿಲ್ಲವೆಂದಲ್ಲ. ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳ ಬೆಳಕನ್ನು ರೂಪಿಸಿದ ವಿ. ಕೆ. ಮೂರ್ತಿಯವರು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಮೈಸೂರಿನಲ್ಲಿ 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಲ್ಲಿ ಬಂದ ‘ಕಾವಾ’ ದೃಶ್ಯಕಲಾ ಕಾಲೇಜಿನಲ್ಲಿ ಛಾಯಾಚಿತ್ರಣವೂ ಒಂದು ಪಾಠ್ಯವಿಷಯ. ಹದಿನೆಂಟರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ದಾರಿ ಸಮೀಪದಲ್ಲಿಲ್ಲ. ಆದರೆ ಮೂವತ್ತೈದು ದಾಟಿ, ಅಂಗಡಿಯ ಬಾಡಿಗೆಯನ್ನೂ ಕ್ಯಾಮೆರಾದ ಸಾಲದ ಕಂತನ್ನೂ ತಲೆಯ ಮೇಲೆ ಹೊತ್ತವನಿಗೆ ವರ್ಷಗಟ್ಟಲೆ ಕಾಲೇಜು ಸಾಗದು. ಅವನಿಗೆ ಉಳಿಯುವುದು ಎರಡು ಮೂರು ದಿನಗಳ ಕಮ್ಮಟವೇ. ಆದುದರಿಂದಲೇ ಆಯ್ಕೆಯಲ್ಲಿ ಎಚ್ಚರ ಬೇಕು.

ಮೊದಲು ವಿಚಾರಿಸಬೇಕಾದದ್ದು ಗುರುವಿನ ಪದಕಗಳನ್ನಲ್ಲ. 1971ರಲ್ಲಿ ಆರಂಭವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹವ್ಯಾಸಿಗಳ ಕಣ್ಣನ್ನು ತಿದ್ದುವ ದೊಡ್ಡ ಕೆಲಸ ಮಾಡಿವೆ. ಪ್ರದರ್ಶನಗಳಲ್ಲಿ ಗೆದ್ದವರಿಂದ ಕಲಿಯುವುದು ಬೇಕಾದಷ್ಟಿದೆ. ಆದರೆ ಪದಕ ಗೆಲ್ಲುವ ಚಿತ್ರವೇ ಬೇರೆ, ಪಿರಿಯಾಪಟ್ಟಣದ ಅಜ್ಜಿ ಹಣ ಕೊಟ್ಟು ಮನೆಗೆ ಒಯ್ಯುವ ಚಿತ್ರವೇ ಬೇರೆ. ವಿಚಾರಿಸಬೇಕಾದದ್ದು, ಕಮ್ಮಟದಲ್ಲಿ ದೀಪವನ್ನು ಇಡುವವರು ಯಾರು ಎಂದು. ದೊಡ್ಡ ಹೋಟೆಲಿನ ಸಭಾಂಗಣ, ಎಂಬತ್ತು ಜನ, ವೇದಿಕೆಯ ಮೇಲೆ ಒಬ್ಬ ರೂಪದರ್ಶಿ, ಮೊದಲೇ ಹೊಂದಿಸಿಟ್ಟ ದೀಪ—ಎಂಬತ್ತು ಕ್ಯಾಮೆರಾಗಳೂ ಏಕಕಾಲದಲ್ಲಿ ಕ್ಲಿಕ್ ಎನ್ನುತ್ತವೆ. ಚಿತ್ರ ಸೊಗಸಾಗಿಯೇ ಬರುತ್ತದೆ; ಆದರೆ ಅದು ದೀಪ ಇಟ್ಟವನ ಚಿತ್ರ. ಅದನ್ನು ತಂದು ಅಂಗಡಿಯ ಗಾಜಿನಲ್ಲಿ ತನ್ನದೆಂದು ತೂಗುಹಾಕಿದರೆ ಗಿರಾಕಿ ಬರಬಹುದು. ಬಂದವನಿಗೆ ಅದೇ ಬೆಳಕನ್ನು ಮಾಡಿ ತೋರಿಸುವುದು ಹೇಗೆ? ಹತ್ತು ಹನ್ನೆರಡು ಮಂದಿಯ ಕಮ್ಮಟದಲ್ಲಿ, ಕೆಟ್ಟದಾಗಿಯಾದರೂ ಸರಿ, ತಾನೇ ದೀಪವಿಟ್ಟು ತೆಗೆದು, ತಪ್ಪನ್ನು ಎಲ್ಲರ ಮುಂದೆ ಹೇಳಿಸಿಕೊಂಡು ಬಂದವನ ಕಲಿಕೆ ಗಟ್ಟಿ.

ಎರಡನೆಯ ಮಾತು, ಅಲ್ಲಿ ಕಲಿಸುವ ಬೆಳಕು ಈ ಸೀಮೆಯ ಬೆಳಕೇ ಎಂಬುದು. ಪಾಶ್ಚಾತ್ಯ ಗ್ರಂಥಗಳನ್ನು ಓದಿ ಹೇಳುವವರು ಉತ್ತರದ ಕಿಟಕಿಯನ್ನು ಬಹಳ ಹೊಗಳುತ್ತಾರೆ. ಅಲ್ಲಿ ನೇರ ಬಿಸಿಲು ಬೀಳದು, ದಿನವಿಡೀ ಮೃದುವಾದ ಬೆಳಕು. ಯೂರೋಪಿಗೆ ಅದು ಸರಿ. ಈ ನಾಲ್ಕು ತಾಲ್ಲೂಕುಗಳು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ! ಆ ನಾಲ್ಕು ತಿಂಗಳು ಉತ್ತರದ ಕಿಟಕಿಗೆ ಬಿಳಿಯ ಬಟ್ಟೆಯೊಂದನ್ನು ಕಟ್ಟದೆ ವಿಧಿಯಿಲ್ಲ. ಹಾಗೆಯೇ ಗಿರಾಕಿಯ ಉಡುಪು. ಕ್ಯಾಮೆರಾದ ಅಳತೆಗೋಲು ತನ್ನ ಮುಂದಿರುವುದೆಲ್ಲ ನಡುಬೂದು ಬಣ್ಣವೆಂದು ಭಾವಿಸಿ ಲೆಕ್ಕ ಹಾಕುವ ಯಂತ್ರ. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಕಪ್ಪು ಮೈಬಣ್ಣದ ಯಜಮಾನರು ಎದುರಿಗೆ ಕುಳಿತರೆ ಅದು ಅಂಗಿಯ ಬಿಳುಪಿಗೆ ಮೋಸಹೋಗಿ ಮುಖವನ್ನು ಕತ್ತಲೆಗೆ ನೂಕುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬಿಳುಪು ಬಳಿದು, ಸುಕ್ಕುಗಳನ್ನೆಲ್ಲ ಇಸ್ತ್ರಿ ಹಾಕಿದಂತೆ ಅಳಿಸಿ ಕೊಟ್ಟರೆ, ‘ಇದು ನಮ್ಮಪ್ಪನ ಥರ ಇಲ್ಲವಲ್ಲ’ ಎಂದು ಮಗಳು ಹೇಳುತ್ತಾಳೆ. ಆಕೆ ಹೇಳುವುದು ಸರಿ. ಕಪ್ಪು ಮುಖಕ್ಕೆ ಬೆಳಕು ಕೊಡುವುದನ್ನು ಕಲಿಸದೆ ಬಿಳಿ ಬಳಿಯುವುದನ್ನು ಮಾತ್ರ ಕಲಿಸುವ ಕಮ್ಮಟಕ್ಕೆ ಈ ಸೀಮೆಯಲ್ಲಿ ಬೆಲೆಯಿಲ್ಲ.

ದೀಪಕ್ಕಿಂತಲೂ ಕಷ್ಟವಾದದ್ದು ಮನುಷ್ಯನನ್ನು ಕೂರಿಸುವುದು. ರೂಪದರ್ಶಿಗೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಅವಳಿಗೆ ತನ್ನ ಮುಖದ ಯಾವ ಪಕ್ಕ ಚೆನ್ನೆಂದು ಗೊತ್ತು. ಆದರೆ ಜೀವಮಾನದಲ್ಲಿ ಎರಡನೆಯ ಸಲ ಸ್ಟುಡಿಯೋ ಹೊಕ್ಕ ರೈತ ಸ್ಟೂಲಿನ ತುದಿಯಲ್ಲಿ ಕುಳಿತು, ಉಸಿರು ಬಿಗಿಹಿಡಿದು, ‘ಕೈ ಎಲ್ಲಿ ಮಡಗ್ಲಿ ಸ್ವಾಮಿ?’ ಎಂದು ಕೇಳುತ್ತಾನೆ. ‘ಸ್ಮೈಲ್ ಮಾಡಿ’ ಎಂದರೆ ಇನ್ನಷ್ಟು ಬಿಗಿಯುತ್ತಾನೆ. ‘ಈ ಸಲ ಸೊಪ್ಪಿಗೆ ರೇಟ್ ಹೆಂಗವ್ರೆ ಯಜಮಾನ್ರೇ?’ ಎಂದು ಕೇಳಿ, ಅವನು ಬೆಲೆ ಹೇಳುತ್ತ ಹೇಳುತ್ತ ಭುಜ ಸಡಿಲಿಸುವವರೆಗೆ ಕಾಯುವ ತಾಳ್ಮೆ ಇದ್ದರೆ ಮುಖ ತಾನಾಗಿ ತೆರೆಯುತ್ತದೆ. ಈ ಪಾಠಕ್ಕಾಗಿ ಸಾಮಾನ್ಯ ಜನರನ್ನೇ, ಅದರಲ್ಲಿಯೂ ಮುದುಕರನ್ನೂ ಮಕ್ಕಳನ್ನೂ ಕರೆತಂದು ಕೂರಿಸುವ ಕಮ್ಮಟಗಳು ಕಡಮೆ. ಸಿಕ್ಕರೆ ಬಿಡಬಾರದು.

ಜನರನ್ನು ಕರೆತರುವ ಬದಲು ಜನರಿರುವಲ್ಲಿಗೇ ಶಿಷ್ಯರನ್ನು ಕೊಂಡೊಯ್ಯುವ ಪ್ರವಾಸಗಳೂ ಉಂಟು. ಹೆಗ್ಗಡದೇವನಕೋಟೆಯ ಕಡೆ ಕಬಿನಿಯ ಹಿನ್ನೀರಿನಲ್ಲಿ ನಡೆಯುವುದು ಹೆಚ್ಚಾಗಿ ವನ್ಯಜೀವಿ ಛಾಯಾಚಿತ್ರಣ. ಚಿರತೆಗಾಗಿ ಕಾದು ಕೂರುವ ವಿದ್ಯೆ ಸ್ಟುಡಿಯೋದ ಆದಾಯಕ್ಕೆ ಒದಗದು. ಕೆಲವರು ಜೇನುಕುರುಬರ ಹಾಡಿಗಳಿಗೋ ಬೈಲುಕುಪ್ಪೆಯ ಟಿಬೆಟನ್ ವಿಹಾರಗಳಿಗೋ ಹೋಗಿ ಮುಖಗಳನ್ನು ಹಿಡಿದು ತರುವುದಕ್ಕೆ ಭಾವಚಿತ್ರಾಭ್ಯಾಸವೆಂದು ಹೆಸರಿಡುತ್ತಾರೆ. ಒಪ್ಪಿಗೆ ಕೇಳದೆ, ಒಂದು ಪ್ರತಿಯನ್ನೂ ಕೊಡದೆ ತೆಗೆದ ಮುಖ ಭಾವಚಿತ್ರವಲ್ಲ. ಅದೇ ಹಾಡಿಯ ಸಂಸಾರವೊಂದು ನಾಳೆ ಸ್ಟುಡಿಯೋಗೆ ಬಂದು ಕುಳಿತರೆ ಅವರೊಡನೆ ಹೇಗೆ ಮಾತನಾಡಬೇಕೆಂಬುದನ್ನು ಇಂಥ ಪ್ರವಾಸ ಕಲಿಸುವುದೂ ಇಲ್ಲ.

ಇನ್ನು ಹಣದ ಮಾತು. ಕಮ್ಮಟದ ಶುಲ್ಕ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬಸ್ಸು, ವಸತಿ, ಊಟಕ್ಕೆ 3,500. ಅಂಗಡಿ ಮೂರು ದಿನ ಮುಚ್ಚಿದರೆ ದಿನಕ್ಕೆ 1,500ರಂತೆ 4,500. ಅಲ್ಲಿಗೆ 16,000 ಆಯಿತು. ಕಟ್ಟು ಹಾಕಿದ ಒಂದು ಭಾವಚಿತ್ರದಲ್ಲಿ ಖರ್ಚು ಕಳೆದು 400 ಉಳಿಯುವುದಾದರೆ, ಹಾಕಿದ ಹಣ ಹಿಂದಿರುಗಲು 40 ಚಿತ್ರಗಳು ಬೇಕು. ‘ನನಗೆ ಈ 40 ಮನೆಗಳನ್ನು ಹುಡುಕುವುದನ್ನು ಕಲಿಸುತ್ತೀರಾ?’ ಎಂದು ಕಮ್ಮಟದವರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚವೇಕೆ? ಹೊಸ ಲೆನ್ಸು ಕೊಂಡರೆ ಗಿರಾಕಿ ಬರುತ್ತಾನೆಂದು ಉತ್ತರ ಬಂದರೆ, ಆ ಕಮ್ಮಟದ ಬೆನ್ನ ಹಿಂದೆ ಲೆನ್ಸು ಮಾರುವವನೊಬ್ಬ ನಿಂತಿದ್ದಾನೆಂದು ಊಹಿಸಿದರೆ ಹೆಚ್ಚು ತಪ್ಪಾಗದು. ಬೆಲೆ ಕಟ್ಟುವುದು, ಮುಂಗಡ ಪಡೆಯುವುದು, ಚಿತ್ರಕ್ಕೆ ಎಷ್ಟು ವರ್ಷ ಬಾಳಿಕೆಯ ಕಾಗದ ಬೇಕೆಂದು ಗಿರಾಕಿಗೆ ತಿಳಿಹೇಳುವುದು—ಇವೆಲ್ಲ ಕಲಿಸಬೇಕಾದ ವಿಷಯಗಳೇ.

ಕಾಯಿದೆಯ ಒಂದು ಅಂಶವನ್ನು ವ್ಯಾಪಾರದ ಪಾಠದಲ್ಲಿ ಹೇಳದೆ ಬಿಡುವುದುಂಟು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಸೆಕ್ಷನ್ನಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿಕೊಂಡ ಛಾಯಾಚಿತ್ರದ ಮೊದಲ ಹಕ್ಕುದಾರ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿಕೊಂಡವನೇ. ನೆರೆಮನೆಯ ಮದುಮಗಳ ಚಿತ್ರವನ್ನು ದೊಡ್ಡದು ಮಾಡಿ ಅಂಗಡಿಯ ಮುಂದೆ ಹಾಕುವ ಮುನ್ನ ಆಕೆಯ ಒಪ್ಪಿಗೆ ಬರೆಯಿಸಿಕೊಳ್ಳಬೇಕಾದದ್ದು ಕೇವಲ ಮರ್ಯಾದೆಯ ಪ್ರಶ್ನೆಯಲ್ಲ. ಚಿತ್ರ ತೆಗೆಸಿಕೊಳ್ಳುವ ಸಂಸಾರಗಳೂ ಇದನ್ನು ತಿಳಿದಿರುವುದು ಒಳ್ಳೆಯದು.

ಕಾಲದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಆಷಾಢದಲ್ಲಿ ಮುಹೂರ್ತಗಳಿಲ್ಲ, ಕ್ಯಾಮೆರಾಕ್ಕೆ ಬಿಡುವು. ಮೋಡ ಮುಚ್ಚಿದ ಆಕಾಶ ತಾನೇ ಒಂದು ದೊಡ್ಡ ಪರದೆಯಾಗಿ ಬೆಳಕನ್ನು ಮೆತ್ತಗೆ ಮಾಡಿಕೊಡುತ್ತದೆ. ಆಗ ಕಮ್ಮಟಕ್ಕೆ ಹೋಗಿಬಂದವನಿಗೆ ಶ್ರಾವಣ, ಭಾದ್ರಪದ ಎರಡು ತಿಂಗಳು ಅಭ್ಯಾಸಕ್ಕೆ ಸಿಗುತ್ತವೆ. ಮೊದಲು ಸ್ವಂತ ಮನೆಯ ಹಿರಿಯರು, ಆಮೇಲೆ ಬೀದಿಯವರು. ತಿಂಗಳು ಕಳೆದ ಮೇಲೆ ಆ ಚಿತ್ರಗಳನ್ನು ನೋಡಿ ತಿದ್ದಿ ಹೇಳಲು ಗುರು ಒಪ್ಪುತ್ತಾನೆಯೇ ಎಂದು ಹಣ ಕಟ್ಟುವ ಮುನ್ನವೇ ಕೇಳಿಕೊಂಡಿರಬೇಕು. ಮಳೆಗಾಲ ಮುಗಿದು ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ಹೊಗೆಸೊಪ್ಪಿನ ಹರಾಜು ತೆರೆದಾಗ ರೈತನ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಕೃಷ್ಣರಾಜನಗರದಲ್ಲಿ ಬತ್ತದ ಸುಗ್ಗಿ ಅದರ ಹಿಂದೆಯೇ ಬರುತ್ತದೆ. ಅಷ್ಟು ಹೊತ್ತಿಗೆ ಅಂಗಡಿಯ ಗಾಜಿನೊಳಗೆ, ಒಪ್ಪಿಗೆ ಪಡೆದು ಹಾಕಿದ ಮೂರು ನಾಲ್ಕು ಮುಖಗಳು, ಬಸ್ಸಿಗೆ ಕಾಯುವವರು ‘ಇವರು ನಮ್ಮೂರಿನವರಲ್ಲವೆ?’ ಎಂದು ನಿಂತು ನೋಡುವಂತಿದ್ದರೆ ಸಾಕು.