ಸಕ್ಕರೆ ಮೆತ್ತಿದ ಚರ್ಮ, ನೆತ್ತಿ ಸುಡುವ ಬಿಸಿಲು

ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ರೂಪುಗೊಂಡ ಸಣ್ಣ ಯಂತ್ರವೊಂದಿದೆ. ಮುಂಗೈಯನ್ನು ಅದರ ಮೇಲಿಟ್ಟರೆ ಚರ್ಮಕ್ಕೆ ನೇರಳಾತೀತ ಬೆಳಕು ಹಾಯಿಸಿ, ಚರ್ಮ ತಿರುಗಿ ಸೂಸುವ ಮಂದ ಹೊಳಪನ್ನು ಅಳೆಯುತ್ತದೆ. ಹೊಳಪು ಹೆಚ್ಚಿದ್ದರೆ ಆ ಚರ್ಮಕ್ಕೆ ಬಹುಕಾಲದಿಂದ ಸಕ್ಕರೆ ಮೆತ್ತಿಕೊಂಡಿದೆ ಎಂದರ್ಥ. ಗಾಢ ಮೈಬಣ್ಣದವರಲ್ಲಿ ಈ ಅಳತೆ ಎಡವುತ್ತದೆ, ಆ ಮಾತು ಬೇರೆ. ಸಕ್ಕರೆ ಮೆತ್ತಿದ ಚರ್ಮ ನೇರಳಾತೀತ ಬೆಳಕನ್ನು ಹೀರುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ. ಯಂತ್ರದ ಮೇಲೆ ಅದು ಕೆಲವೇ ಕ್ಷಣ. ಹೊಲದಲ್ಲಿ, ಬೈಕಿನ ಮೇಲೆ, ಬಸ್ಸಿನ ಕಿಟಕಿ ಪಕ್ಕ ಗಂಟೆಗಟ್ಟಲೆ.

ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ತಿರುಗುವುದು ಸಕ್ಕರೆ, ಪ್ರೋಟೀನು ಬೆಸೆದುಕೊಳ್ಳುವುದರಿಂದ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ ಬಣ್ಣಿಸಿದ ಈ ಕ್ರಿಯೆ 37 ಡಿಗ್ರಿಯ ಮೈಯೊಳಗೂ ನಿಧಾನಕ್ಕೆ ನಡೆಯುತ್ತದೆ, ಶುಗರ್ ಇದ್ದವರಲ್ಲಿ ಜೋರಾಗಿ. ಅದಕ್ಕೆ ಸಿಕ್ಕಿಬೀಳುವುದು ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್. ಚರ್ಮದ ಕೊಲಾಜೆನ್‌ನಲ್ಲಿ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಈ ಸಲ ಚೆನ್ನಾಗಿ ಬಂತೆಂದು ಚರ್ಮ ಹಳೆಯ ಬಾಕಿ ಮನ್ನಾ ಮಾಡುವುದಿಲ್ಲ.

ಹೀಗೆ ಗಂಟುಬಿದ್ದ ಕೊಲಾಜೆನ್ ಯುವಿ-ಎ ಕಿರಣಗಳನ್ನು ಹೀರಿದಾಗ, ಜೀವಕೋಶಗಳನ್ನು ಕೆಡಿಸುವ ಆಮ್ಲಜನಕದ ಕಿಡಿಗೇಡಿ ಕಣಗಳು ಹುಟ್ಟುತ್ತವೆ. ಕೊಲಾಜೆನ್ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ. ಮೊದಲೇ ಗಾಯ ತಡವಾಗಿ ಮಾಯುವ ಚರ್ಮಕ್ಕೆ ಇದು ಇನ್ನೊಂದು ಪೆಟ್ಟು. ಉರಿ ಹುಟ್ಟಿಸುವ ಯುವಿ-ಬಿಯನ್ನು ಕಿಟಕಿ ಗಾಜು ಬಹುಪಾಲು ತಡೆಯುತ್ತದೆ. ಯುವಿ-ಎ ಗಾಜು ದಾಟಿ ಬರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದ ಮಧುಮೇಹಿಗಳು 10.1 ಕೋಟಿ. ಅವರಲ್ಲಿ ಎಷ್ಟೋ ಜನರಿಗೆ ಬಿಸಿಲು ಬಿಟ್ಟು ದುಡಿಮೆಯಿಲ್ಲ.

ಬಿಸಿಲಿಂದ ಓಡಿಹೋಗಲಾರದ ಗಿಡಗಳು ಸಿಪ್ಪೆ, ಎಲೆಗಳಲ್ಲಿ ಇಂಥ ಕಿಡಿಗೇಡಿ ಕಣಗಳನ್ನು ತಣಿಸುವ ಆ್ಯಂಟಿಆಕ್ಸಿಡೆಂಟ್ ಕೂಡಿಟ್ಟುಕೊಂಡಿವೆ. ಅವು ನಮಗೂ ಒದಗಿಯಾವೇ? ನಮ್ಮ ರಾಗಿಯಿಂದಲೇ ಶುರು ಮಾಡೋಣ. ರಾಗಿ ಮತ್ತು ಹಾರಕದ ಸಾರ ಕೊಲಾಜೆನ್‌ಗೆ ಸಕ್ಕರೆ ಅಂಟುವುದನ್ನು ತಡೆಯುತ್ತದೆಂದು ಚೆನ್ನೈನ ಸಂಶೋಧಕರು 2002ರಲ್ಲಿ ಪ್ರಯೋಗನಾಳದಲ್ಲಿ ಕಂಡರು. 2004ರಲ್ಲಿ, ರಾಗಿ ತಿಂದ ಮಧುಮೇಹಿ ಇಲಿಗಳ ಗಾಯ ಬೇಗ ಮಾಯುವುದು ಕಂಡಿತು. ಈ ಗುಣದ ಸಂಯುಕ್ತಗಳು ಹೆಚ್ಚಾಗಿ ಇರುವುದು ಕಾಳಿನ ಕೆಂಪು ಹೊರಪದರದಲ್ಲಿ. ಹಾಲುಬಾಯಿಗೆಂದು ರುಬ್ಬಿ ಬಟ್ಟೆಯಲ್ಲಿ ಹಿಂಡಿ ನಾವು ಎಸೆಯುವ ಚರಟ ಅದೇ! ರಾಗಿಯಲ್ಲಿರುವ ಫೆರುಲಿಕ್ ಆಮ್ಲವನ್ನು ಸಿ ಮತ್ತು ಇ ವಿಟಮಿನ್‌ಗಳ ಲೇಪಕ್ಕೆ ಬೆರೆಸಿದಾಗ ಬಿಸಿಲಿನ ರಕ್ಷಣೆ ನಾಲ್ಕು ಪಟ್ಟಿನಿಂದ ಎಂಟಕ್ಕೇರಿತೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ವರದಿ ಮಾಡಿತು. ಅದು ಹಂದಿಯ ಚರ್ಮದ ಮೇಲೆ.

ಮನುಷ್ಯರ ಮೇಲಿನ ಪುರಾವೆ ಟೊಮೆಟೊದ್ದು. 2001ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು ಆಲಿವ್ ಎಣ್ಣೆಯೊಂದಿಗೆ ತಿಂದವರ ಚರ್ಮ, 10 ವಾರಗಳ ನಂತರ ನೇರಳಾತೀತ ಬೆಳಕಿಗೆ ಶೇ 40ರಷ್ಟು ಕಡಿಮೆ ಕೆಂಪಾಯಿತು. ನಾಲ್ಕನೇ ವಾರದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅವರು ಮಧುಮೇಹಿಗಳಲ್ಲ, ಆರೋಗ್ಯವಂತರು. ಆದರೂ ಎಣ್ಣೆಯಲ್ಲಿ ಬೇಯಿಸಿದ ಗೊಜ್ಜು ಹಸಿ ಹಣ್ಣಿಗಿಂತ ಹೆಚ್ಚು ಲೈಕೋಪೀನ್ ಎಂಬ ಆ್ಯಂಟಿಆಕ್ಸಿಡೆಂಟ್ ಒದಗಿಸುತ್ತದೆ, ತಿನ್ನಲು ಅಡ್ಡಿಯೇನಿಲ್ಲ.

ಇಷ್ಟನ್ನೇ ಹಿಡಿದು ಮಾತ್ರೆಯ ಡಬ್ಬಿ ಕೊಳ್ಳಲು ಹೊರಡುವವರಿಗೆ ನನ್ನ ತಕರಾರಿದೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕೆರೋಟಿನ್ ಎಂಬ ಆ್ಯಂಟಿಆಕ್ಸಿಡೆಂಟ್‌ನ ಮಾತ್ರೆ ಕೊಟ್ಟ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತೆಂದು 1994ರಲ್ಲಿ ಬಯಲಾಯಿತು. ಗಿಡದ್ದೆಲ್ಲ ಕಾಯುವಂಥದ್ದೂ ಅಲ್ಲ: ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಬೊಕ್ಕೆ ಏಳಬಹುದು. ಅದರಲ್ಲಿರುವ ಸೋರಲೆನ್‌ನಂಥ ಸಂಯುಕ್ತಗಳು ಬಿಸಿಲನ್ನು ಚರ್ಮದ ಮೇಲೆ ಛೂ ಬಿಡುತ್ತವೆ. ಬಾವಂಚಿ ಬೀಜವೂ ಹಾಗೆಯೇ. ರಾಗಿ ಒಳ್ಳೆಯದೆಂದು ತೆಳು ಗಂಜಿಯನ್ನೇ ಕುಡಿದರೆ ಸಕ್ಕರೆ ಸರಸರನೆ ಏರುತ್ತದೆ; ಸೊಪ್ಪು, ಕಾಳಿನ ಸಾರಿನ ಜೊತೆ ಅಳತೆಯ ಮುದ್ದೆ ಮೇಲು.

ಮೊದಲ ರಕ್ಷಣೆ ನೆರಳು, ತುಂಬುತೋಳಿನ ಅಂಗಿ, ಎಸ್‌ಪಿಎಫ್ 30ರ ಲೇಪ. ಅದಕ್ಕೂ ಮೊದಲು ಶುಗರ್ ಹತೋಟಿ. ಬೆಂಗಳೂರಿನ ತಂಪು ಗಾಳಿಯನ್ನು ನಂಬಬೇಡಿ: ಪ್ರತಿ 1000 ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣ ಸುಮಾರು ಶೇ 10 ಹೆಚ್ಚುತ್ತದೆ, ಊರು ಇರುವುದು 900 ಮೀಟರ್ ಮೇಲೆ. ಮಧುಮೇಹದ ಜೊತೆ ಬಿ.ಪಿ. ಇದ್ದು ಹೈಡ್ರೋಕ್ಲೋರೋಥಯಾಜೈಡ್ ನುಂಗುವವರ ಚರ್ಮ ಬಿಸಿಲಿಗೆ ಇನ್ನೂ ಬೇಗ ಕೆರಳಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಈ ಬಗ್ಗೆ ಕೇಳಬೇಕು.