ಮೀನು ಕಚ್ಚಿದ ಹಕ್ಕಿಯ ಹಿಂದೆ

ಹವಾಯಿಯಿಂದ ತಾಹಿತಿಗೆ ಸುಮಾರು 4,000 ಕಿ.ಮೀ. ದಾರಿಯುದ್ದಕ್ಕೂ ವಾರಗಟ್ಟಲೆ ನೀರೇ ನೀರು. 1976ರ ಮೇ 1ರಂದು ಮಾವಿ ದ್ವೀಪದಿಂದ ಹೊರಟ ‘ಹೊಕುಲೆಅ’ ಎಂಬ ಜೋಡಿದೋಣಿಗೆ ಹಾಯಿ ಇತ್ತು, ಎಂಜಿನ್ ಇರಲಿಲ್ಲ. ದಿಕ್ಸೂಚಿಯೂ ಇಲ್ಲ, ನಕ್ಷೆಯೂ ಇಲ್ಲ. ಅರವತ್ತು ಅಡಿ ಉದ್ದದ ಆ ದೋಣಿಗೆ ದಾರಿ ತೋರಿಸಬೇಕಾಗಿದ್ದವರು ಮೌ ಪಿಯಾಯ್ಲುಗ್. ಅವರಾದರೋ ಹವಾಯಿಯವರಲ್ಲ.

ಪಾಲಿನೇಷ್ಯದ ಜನ ಗಾಳಿಗೆ ಸಿಕ್ಕಿ, ದಿಕ್ಕು ತಪ್ಪಿ, ಆಕಸ್ಮಿಕವಾಗಿ ಈ ದ್ವೀಪಗಳನ್ನು ಸೇರಿಕೊಂಡರು ಎಂದು ಆಂಡ್ರ್ಯೂ ಶಾರ್ಪ್ ಅವರಂಥ ವಿದ್ವಾಂಸರು ವಾದಿಸಿದ್ದರು. ಬೇಕೆಂದೇ, ಗುರಿಯಿಟ್ಟು ಹೋಗಿ ತಿರುಗಿ ಬರುವ ವಿದ್ಯೆ ಅವರಿಗಿತ್ತೆಂದು ತೋರಿಸಲು 1973ರಲ್ಲಿ ಹವಾಯಿಯಲ್ಲಿ ಒಂದು ಸಂಘ ಹುಟ್ಟಿತು. ದೋಣಿಯನ್ನೇನೋ ಕಟ್ಟಿದರು. ಆದರೆ ಅದನ್ನು ಹಳೆಯ ಕ್ರಮದಲ್ಲಿ ನಡೆಸಬಲ್ಲವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ. ಮೈಕ್ರೊನೇಷ್ಯದ ಸತಾವಲ್ ಎಂಬ ಪುಟ್ಟ ದ್ವೀಪದಿಂದ ಮೌ ಬಂದದ್ದು ಹೀಗೆ.

ಮೌ ಇನ್ನೂ ಕೂಸಾಗಿದ್ದಾಗಲೇ ಅವರ ಅಜ್ಜ ಅವರನ್ನು ದಡದ ಬಂಡೆಗಳ ನಡುವಿನ ನೀರಿನಲ್ಲಿ ಬಿಡುತ್ತಿದ್ದರಂತೆ, ಕಡಲಿನ ಹೊಯ್ದಾಟ ಮೈಗೆ ಹತ್ತಲಿ ಎಂದು. ರಾತ್ರಿ ದಾರಿ ಹೇಳುವುದು ನಕ್ಷತ್ರಗಳು. ಪ್ರತಿ ನಕ್ಷತ್ರವೂ ಬಾನಂಚಿನಲ್ಲಿ ತನ್ನದೇ ಜಾಗದಲ್ಲಿ ಮೂಡಿ ತನ್ನದೇ ಜಾಗದಲ್ಲಿ ಮುಳುಗುತ್ತದೆ. ಒಂದು ಮೇಲೇರಿತೆಂದರೆ ಅದೇ ಜಾಗದಲ್ಲಿ ಮೂಡುವ ಇನ್ನೊಂದನ್ನು ಹಿಡಿಯಬೇಕು. ದೋಣಿಯ ಹೆಸರೂ ನಕ್ಷತ್ರದ್ದೇ. ಅದು ನಮ್ಮ ಸ್ವಾತಿ. ಹವಾಯಿಯಲ್ಲಿ ಸ್ವಾತಿ ನೆತ್ತಿಯ ಮೇಲೆ ಹಾದುಹೋಗುತ್ತದೆ, ತಾಹಿತಿಯಲ್ಲಿ ಲುಬ್ಧಕ. ತೆಂಕಕ್ಕೆ ಸಾಗಿದಂತೆ ಧ್ರುವ ನಕ್ಷತ್ರ ಕೆಳಗಿಳಿಯುತ್ತಾ ಹೋಗಿ, ಸಮಭಾಜಕ ವೃತ್ತದ ಹತ್ತಿರ ಕಾಣದಾಗುತ್ತದೆ.

ಮೋಡ ಕವಿದರೆ? ಆಗ ಅಲೆಗಳೇ ಗತಿ. ದೂರದ ಗಾಳಿ ಎಬ್ಬಿಸಿದ ನೀಳ ತೆರೆಗಳು ದಿನಗಟ್ಟಲೆ ಒಂದೇ ದಿಕ್ಕಿನಿಂದ ಬರುತ್ತಿರುತ್ತವೆ, ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಕಣ್ಣಿಗೆ ಅದೆಲ್ಲ ಬರೀ ಗೊಂದಲ. ಮೌ ದೋಣಿಯೊಳಗೆ ಮಲಗಿ, ಅದು ಯಾವ ಕಡೆಗೆ ಎಷ್ಟು ವಾಲುತ್ತದೆ ಎಂಬುದರಿಂದಲೇ ದಿಕ್ಕು ಹೇಳುತ್ತಿದ್ದರು.

ಜೂನ್ 4ರಂದು ದೋಣಿ ತಾಹಿತಿಯ ಪಪೀತೆ ಬಂದರು ಮುಟ್ಟಿದಾಗ ಅಲ್ಲಿ 17,000ಕ್ಕೂ ಹೆಚ್ಚು ಜನ ನೆರೆದಿದ್ದರು. ಸಂಘದ ವಾದ ಗೆದ್ದಿತ್ತು. ಆದರೆ ದೋಣಿಯ ಮೇಲಿನ ಜಗಳಗಳಿಂದ ನೊಂದ ಮೌ ಊರಿಗೆ ಮರಳಿಬಿಟ್ಟರು. 1978ರಲ್ಲಿ ಅವರಿಲ್ಲದೆ ಹೊರಟ ಹೊಕುಲೆಅ ಬಿರುಗಾಳಿಯಲ್ಲಿ ಮಗುಚಿತು. ನೆರವು ತರುತ್ತೇನೆಂದು ಸರ್ಫ್ ಹಲಗೆಯ ಮೇಲೆ ಹೊರಟ, ದೋಣಿಯಲ್ಲಿದ್ದ ಎಡ್ಡಿ ಐಕಾವು ಮತ್ತೆ ಸಿಗಲಿಲ್ಲ.

ಆ ಸಾವಿನ ಬಳಿಕ ಹವಾಯಿಯ ಯುವಕ ನೈನೋವ ಥಾಂಪ್ಸನ್ ಮೌ ಅವರನ್ನು ಹುಡುಕಿಕೊಂಡು ಹೋಗಿ, ಕಲಿಸಿ ಎಂದು ಬೇಡಿದರು. ಮನೆತನದಾಚೆ ಹೇಳಿಕೊಡಬಾರದ ವಿದ್ಯೆ ಅದು. ಸತಾವಲ್‌ನ ಹುಡುಗರಿಗೋ ಅದು ಬೇಡವಾಗುತ್ತಿತ್ತು. ಮೌ ಒಪ್ಪಿದರು. 1976ರ ಯಾನಕ್ಕಿಂತಲೂ ಈ ಒಪ್ಪಿಗೆಯೇ ದೊಡ್ಡದು ಎನ್ನುವುದು ನನ್ನ ದೃಢ ನಂಬಿಕೆ. ಹೊರಗಿನವರಿಗೆ ಕೊಟ್ಟರೆಂದು ತಮ್ಮವರಿಂದಲೇ ಅವರು ಮಾತು ಕೇಳಬೇಕಾಯಿತು.

1980ರಲ್ಲಿ ತಾಹಿತಿಯ ದಾರಿ ನೈನೋವರ ಹೊಣೆ. ಮೌ ದೋಣಿಯಲ್ಲೇ ಇದ್ದರೂ ಬಾಯಿ ಬಿಡಲಿಲ್ಲ. ಕೊನೆಗೊಂದು ಬೆಳಗ್ಗೆ ಹಕ್ಕಿಯೊಂದು ಕಂಡಿತು. ಹಕ್ಕಿ ಬೆಳಗ್ಗೆ ನೆಲ ಬಿಟ್ಟು ಕಡಲಿಗೆ ಹೋಗುತ್ತದೆ, ಸಂಜೆ ಗೂಡಿಗೆ ಮರಳುತ್ತದೆ. ಹಾಗಾಗಿ ಅದು ಬಂದ ಕಡೆ ನೆಲವಿದೆ ಎಂದು ನೈನೋವ ದೋಣಿ ತಿರುಗಿಸಿದರು. ಆಗ ಮಾತ್ರ ಮೌ ಎದ್ದು ಬಂದು, ಹಕ್ಕಿಯ ಹಿಂದೆಯೇ ಹೋಗು ಎಂದರು. ಸ್ವಲ್ಪ ಹೊತ್ತಿನಲ್ಲಿ ದ್ವೀಪ ಕಂಡಿತು. ಹಕ್ಕಿಯ ಕೊಕ್ಕಿನಲ್ಲಿ ಒಂದು ಚಿಕ್ಕ ಮೀನಿತ್ತು. ಮರಿಗಳಿಗೆ ಉಣಿಸುವ ಕಾಲ. ಬೆಳಗ್ಗೆಯಾದರೂ ಅದು ಗೂಡಿಗೇ ಹೊರಟಿತ್ತು. ಅದನ್ನು ಕಂಡದ್ದು ಮೌ ಒಬ್ಬರೇ.

2007ರಲ್ಲಿ ಸತಾವಲ್‌ನಲ್ಲಿ ಅರ್ಧ ಶತಮಾನದಿಂದ ನಿಂತೇಹೋಗಿದ್ದ, ದಾರಿ ತೋರುವ ನಾವಿಕರ ‘ಪ್ವೊ’ ದೀಕ್ಷೆಯನ್ನು ಮೌ ಮತ್ತೆ ನಡೆಸಿದರು. ದೀಕ್ಷೆ ಪಡೆದವರಲ್ಲಿ ನೈನೋವ ಸೇರಿ ಹವಾಯಿಯ ಐವರಿದ್ದರು, ಮೌ ಅವರ ಮಗನೂ ಇದ್ದರು. ಹವಾಯಿಯ ಜನ ಗುರುಕಾಣಿಕೆಯಾಗಿ ಕಟ್ಟಿಕೊಟ್ಟ ‘ಮಾಯ್ಸು’ ಎಂಬ ಜೋಡಿದೋಣಿಯನ್ನು, 2010ರಲ್ಲಿ ಮೌ ತೀರಿಕೊಂಡ ಮೇಲೆ, ಆ ಮಗನೇ ಮುನ್ನಡೆಸಿದರು.