ಕೊಡಲಿಯ ಅಹಂಕಾರ

ಬೈಬಲಿನ ಪ್ರವಾದಿಗಳ ಗ್ರಂಥಗಳನ್ನು ಒಂದು ಬಗೆಯ ಪಂಚಾಂಗವೆಂದು ಭಾವಿಸಿ, ತಮ್ಮ ಕಾಲದ ಯಾವ ರಾಷ್ಟ್ರಕ್ಕೆ ಎಂದು ವಿನಾಶವೆಂಬುದನ್ನು ಅವುಗಳಲ್ಲಿ ಹುಡುಕುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಇಂಥ ಓದಿನಲ್ಲಿ ನಷ್ಟವಾಗುವುದು ಆ ಗ್ರಂಥಗಳ ನಿಜವಾದ ತೂಕವೇ. ಏಕೆಂದರೆ ಬಲಿಷ್ಠರು ತಮ್ಮ ಬಲವನ್ನು ಯಾರದೆಂದು ಎಣಿಸಿಕೊಂಡಿದ್ದಾರೆ ಎಂಬ ಪ್ರಶ್ನೆಯೇ ಪ್ರವಾದಿಗಳನ್ನು ಮುಖ್ಯವಾಗಿ ಕಾಡಿದ್ದು.

ಆ ಪ್ರವಾದಿಗಳ ಕಾಲದ ಮಹಾಬಲಿಷ್ಠ ರಾಷ್ಟ್ರ ಅಶ್ಶೂರ. ಕ್ರಿಸ್ತಪೂರ್ವ 722ರ ಸುಮಾರಿಗೆ ಇಸ್ರಾಯೇಲಿನ ರಾಜಧಾನಿಯಾದ ಸಮಾರ್ಯವನ್ನು ಅದು ನುಂಗಿತು. 701ರಲ್ಲಿ ಅದರ ಅರಸನಾದ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದು ಲಾಕೀಷಿನ ದುರ್ಗವನ್ನು ಹಿಡಿದನು. ಈ ಜಯ ಅವನಿಗೆ ಎಷ್ಟು ಪ್ರಿಯವಾಗಿತ್ತೆಂದರೆ, ನಿನೆವೆಯ ತನ್ನ ಅರಮನೆಯಲ್ಲಿ ಒಂದು ಕೋಣೆಯ ಗೋಡೆಗಳನ್ನು ಇದರ ಶಿಲ್ಪಚಿತ್ರಗಳಿಗೇ ಮೀಸಲಿಟ್ಟನು. ಹತ್ತೊಂಬತ್ತನೆಯ ಶತಮಾನದಲ್ಲಿ ಲೇಯಾರ್ಡನು ಅಗೆದು ತೆಗೆದ ಆ ಫಲಕಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕೋಟೆಗೆ ಒಡ್ಡಿದ ಇಳಿಜಾರು ದಿಬ್ಬ, ಗೋಡೆಯ ಮೇಲಿಂದ ಬೀಳುವ ಪಂಜುಗಳು, ಕೋಟೆ ಒಡೆಯುವ ಯಂತ್ರಕ್ಕೆ ಬೆಂಕಿ ತಗಲದಂತೆ ಉದ್ದನೆಯ ಸೌಟಿನಿಂದ ನೀರು ಸುರಿಯುವ ಸೈನಿಕ, ಶೂಲಕ್ಕೇರಿದ ದೇಹಗಳು, ಎತ್ತಿನ ಗಾಡಿಯ ಮೇಲೆ ಗಂಟುಮೂಟೆಯೊಡನೆ ಸೆರೆಹೋಗುವ ಹೆಂಗಸರು ಮಕ್ಕಳು, ಇವರೆಲ್ಲರಿಗೆ ಎದುರಾಗಿ ಸಿಂಹಾಸನಾರೂಢನಾದ ಸನ್ಹೇರೀಬ! ಆ ಅರಸನ ಮುಖವನ್ನು ಮಾತ್ರ ಯಾರೋ ಉಳಿಯಿಂದ ಕೆತ್ತಿ ಕೆಡಿಸಿದ್ದಾರೆ.

ಈ ಕಾಲದಲ್ಲಿ ಯೆರೂಸಲೇಮಿನಲ್ಲಿದ್ದ ಪ್ರವಾದಿ ಯೆಶಾಯನು ಹೇಳಿದ ಮಾತು ವಿಚಿತ್ರವಾದದ್ದು. ಅಶ್ಶೂರವು ದೇವರ ಕೈಯ ಕೋಲೆಂದೂ, ತಪ್ಪುಮಾಡಿದ ತನ್ನ ಜನರನ್ನೇ ದಂಡಿಸಲು ದೇವರು ಅದನ್ನು ಎತ್ತಿದನೆಂದೂ ಒಪ್ಪಿಕೊಂಡವನು ಆತ. ಆದರೆ ಕಡಿಯುವವನ ಎದುರಿಗೆ ಕೊಡಲಿಯೇ ಕೊಚ್ಚಿಕೊಂಡರೆ ಹೇಗೆ ಎಂದು ಅವನ ಪ್ರಶ್ನೆ. ಶತ್ರುವಿನ ವಿಜಯದಲ್ಲಿ ದೈವಸಂಕಲ್ಪವನ್ನು ಕಾಣುತ್ತಲೇ, ಆ ಶತ್ರುವಿನ ಗರ್ವವನ್ನು ಕ್ಷಮಿಸದೆ ಇರುವ ಈ ನಿಲುವು ಸುಲಭವಾದುದಲ್ಲ. ಸೋತ ಜನ ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳುತ್ತಾರೆ.

ಮುಂದಿನ ಕಥೆ ಇತಿಹಾಸಕ್ಕೆ ಸೇರಿದ್ದು. ಸನ್ಹೇರೀಬನ ಶಾಸನವು ಯೆಹೂದದ ಅರಸನಾದ ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಮುತ್ತಿದುದನ್ನೂ ಅವನಿಂದ ಪಡೆದ ಕಪ್ಪವನ್ನೂ ಸಾರುತ್ತದೆ. ನಗರವನ್ನು ಹಿಡಿದೆನೆಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ. 681ರಲ್ಲಿ ಅವನು ಸ್ವಂತ ಮಗನ ಒಳಸಂಚಿಗೆ ಬಲಿಯಾದನು. 612ರಲ್ಲಿ ಮೇದ್ಯರೂ ಬಾಬಿಲೋನಿನವರೂ ಕೂಡಿ ನಿನೆವೆಯನ್ನು ಸುಟ್ಟರು. ಇನ್ನೂರು ವರ್ಷಗಳ ತರುವಾಯ ಗ್ರೀಕ್ ದಂಡಿನೊಡನೆ ಆ ಹಾದಿಯಲ್ಲಿ ನಡೆದ ಕ್ಸೆನೊಫೋನನು ನಿರ್ಜನವಾದ ಆ ಮಹಾಪ್ರಾಕಾರವನ್ನು ಕಂಡು ಬರೆದಿಟ್ಟನು. ಅಲ್ಲಿ ಹಿಂದೆ ಮೇದ್ಯರು ವಾಸವಾಗಿದ್ದರೆಂದೇ ಅವನಿಗೆ ದೊರೆತ ತಿಳಿವಳಿಕೆ.

ನಿನೆವೆಯ ಈ ಪತನವನ್ನು ಪ್ರವಾದಿ ನಹೂಮನು ಸಂಭ್ರಮದಿಂದ ಹಾಡಿದ್ದಾನೆ. ಆ ಹಾಡಿನ ರಭಸ ಅದ್ಭುತವಾದರೂ ಅದರ ಹರ್ಷದಲ್ಲಿ ಪಾಲುಗೊಳ್ಳಲು ನನಗೆ ಮನಸ್ಸು ಬಾರದು. ನನಗೆ ಹೆಚ್ಚು ದೊಡ್ಡವನಾಗಿ ಕಾಣುವವನು ಅವನಿಗಿಂತ ಶತಮಾನಕ್ಕೂ ಮೊದಲಿನವನಾದ ತೆಕೋವದ ಕುರುಬ ಆಮೋಸ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್ ಎಂದು ನೆರೆಹೊರೆಯ ರಾಷ್ಟ್ರಗಳ ಕ್ರೌರ್ಯವನ್ನು ಅವನು ಒಂದೊಂದಾಗಿ ಎಣಿಸುವಾಗ ಇಸ್ರಾಯೇಲಿನ ಶ್ರೋತೃಗಳು ತಲೆದೂಗಿರಬೇಕು. ಮೋವಾಬಿನ ಅಪರಾಧವಂತೂ ಇಸ್ರಾಯೇಲಿಗೆ ಸಂಬಂಧಿಸಿದ್ದೇ ಅಲ್ಲ: ಅವರು ಸುಟ್ಟು ಸುಣ್ಣ ಮಾಡಿದ್ದು ಎದೋಮಿನ ಅರಸನ ಎಲುಬುಗಳನ್ನು. ಹಗೆಯವನ ಹೆಣಕ್ಕೆ ಆದ ಅವಮಾನಕ್ಕೂ ದೇವರು ಲೆಕ್ಕ ಕೇಳುವನೆಂದಾಯಿತು! ಇಷ್ಟಾದ ಮೇಲೆ ಮಾತು ಯೆಹೂದದ ಕಡೆಗೆ, ಅಲ್ಲಿಂದ ಇಸ್ರಾಯೇಲಿನ ಕಡೆಗೇ ಹೊರಳುತ್ತದೆ; ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದವರು ಅದೇ ನ್ಯಾಯಾಸನದ ಮುಂದೆ ನಿಲ್ಲಬೇಕಾಗುತ್ತದೆ.

ನಹೂಮನ ಗ್ರಂಥವಿರುವ ಸಂಪುಟದಲ್ಲಿಯೇ ಯೋನನ ಕಥೆಯೂ ಇದೆ. ಅಲ್ಲಿ ಅದೇ ನಿನೆವೆ ಪಶ್ಚಾತ್ತಾಪಪಟ್ಟು ಉಳಿಯುತ್ತದೆ, ಸಿಟ್ಟಿನಿಂದ ಕುದಿಯುವವನು ಪ್ರವಾದಿ. ಲಕ್ಷಕ್ಕೂ ಮಿಕ್ಕ ಜನರೂ ಅನೇಕ ಪಶುಗಳೂ ಇರುವ ಆ ಪಟ್ಟಣಕ್ಕಾಗಿ ತಾನು ಮರುಗಬಾರದೆ ಎಂದು ದೇವರು ಕೇಳುವಲ್ಲಿಗೆ ಗ್ರಂಥ ಮುಗಿಯುತ್ತದೆ. ಯೋನನ ಉತ್ತರ ಅದರಲ್ಲಿಲ್ಲ. ಯೆಹೂದ್ಯರು ತಮ್ಮ ವರ್ಷದ ಪರಮಪವಿತ್ರವಾದ ದೋಷಪರಿಹಾರಕ ದಿನದಂದು, ಉಪವಾಸವಿದ್ದು, ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಓದುವುದು ಈ ಗ್ರಂಥವನ್ನೇ.